1080 ಸಲ ‘ನನ್ನ ಸಿನಿಮಾ ಹಿಟ್’ ಅಂತ ಬರೆದ ಹುಡುಗ, ಮತ್ತೆ ಅಟ್ಟದ ಮೇಲಿನ ಕೊಬ್ಬರಿ

ಅಕ್ಕನ್ನ ಕೇಳಿ – ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಬಂದಿರೋ ಕಾಗದ, ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಸಿನಿಮಾ ಬರೆಯೋರದ್ದೇ. ಊರೆಲ್ಲಾ ಸ್ಕ್ರಿಪ್ಟ್ ಬರೀತಿದ್ದೀರಾ ಏನ್ ಕಥೆ. ನಾನು ಹದಿನೈದು ವರ್ಷ ಧಾರಾವಾಹಿಗಳಿಗೆ ಸಂಭಾಷಣೆ ಬರೆದೋಳು, ಎರಡು ಸಿನಿಮಾಗಳ ಚಿತ್ರಕಥೆ ಟೀಮಲ್ಲಿ ಕೂತಿದ್ದೋಳು, ಅಷ್ಟರ ಮೇಲೆ ಹೇಳ್ತೀನಿ, ದೊಡ್ಡ ಪಂಡಿತೆ ಅಂತೇನೂ ಅನ್ಕೋಬೇಡಿ.

ಪ್ರಶ್ನೆ: ಅಕ್ಕಾ ನಮಸ್ತೆ. ನನಗೆ 27, ಊರು ತಿಪಟೂರು ಹತ್ರ ಒಂದು ಹಳ್ಳಿ, ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸ. ನನ್ನದು ಮೊದಲನೇ ಸ್ಕ್ರಿಪ್ಟ್. ರೀಲ್ಸಲ್ಲಿ 3-6-9 ಮೆಥಡ್ ನೋಡಿ ಒಂದು ಎಕ್ಸ್‌ಪೆರಿಮೆಂಟ್ ಶುರು ಮಾಡಿದೆ, ಬೆಳಗ್ಗೆ 3 ಸಲ, ಮಧ್ಯಾಹ್ನ 6 ಸಲ, ರಾತ್ರಿ 9 ಸಲ ‘ನನ್ನ ಸಿನಿಮಾ ಸೂಪರ್ ಹಿಟ್ ಆಗಿದೆ, ಥ್ಯಾಂಕ್ಯೂ ಯೂನಿವರ್ಸ್’ ಅಂತ ನೋಟ್‌ಬುಕ್ಕಲ್ಲಿ ಬರೀತೀನಿ, ಮಲಗೋ ಮುಂಚೆ ಕಣ್ಣು ಮುಚ್ಚಿ ಥಿಯೇಟರ್ ಮುಂದೆ ಕಟೌಟ್, ಹಾಲಲ್ಲಿ ಅಭಿಷೇಕ, ನಾನು ಸ್ಟೇಜ್ ಮೇಲೆ ಅವಾರ್ಡ್ ತಗೊಳ್ಳೋದು ಎಲ್ಲಾ ನೋಡ್ತೀನಿ. ಹಾಲಿವುಡ್ ಕಾಮಿಡಿ ನಟ ಜಿಮ್ ಕ್ಯಾರಿ ತನಗೆ ತಾನೇ ಚೆಕ್ ಬರ್ಕೊಂಡು ಅದೇ ನಿಜ ಆಯ್ತಲ್ಲ, ಹಂಗೆ. 60 ದಿನ ಒಂದಿನಾನೂ ತಪ್ಪಿಸಿಲ್ಲ. ಆದ್ರೆ ಸ್ಕ್ರಿಪ್ಟ್ 19 ಪುಟಕ್ಕೆ ನಿಂತುಬಿಟ್ಟಿದೆ, 14 ಸೀನ್ ಆಗಿದೆ, ಮುಂದಕ್ಕೆ ಹೋಗ್ತಿಲ್ಲ. ನನ್ನ ಪಾಸಿಟಿವಿಟಿ ಸಾಲ್ತಿಲ್ವಾ? 19 ಪುಟಾನೂ ಜೊತೆಗೆ ಕಳಿಸಿದ್ದೀನಿ. ತಮ್ಮ ಅನ್ಕೊಂಡು ಬೈದ್ರೂ ಪರವಾಗಿಲ್ಲ. – ಹೆಸರು ಬೇಡ ಅಕ್ಕಾ

ಅಕ್ಕ: ತಮ್ಮಾ, ಬೈಯೋಕೆ ಮುಂಚೆ ಒಂದು ಲೆಕ್ಕ ಹಾಕೋಣ, ಹೆಂಗೂ ನೀನು ಅಕೌಂಟ್ಸೋನು. ದಿನಕ್ಕೆ 18 ಸಾಲು, 60 ದಿನ, 1080 ಸಾಲು. ನಮ್ಮಜ್ಜಿ ಆಗಿದ್ರೆ ಹತ್ತು ಅಷ್ಟೋತ್ತರ ಮುಗಿಸಿದ್ಯಲ್ಲೋ ಮಗಾ ಅಂತ ದೃಷ್ಟಿ ತೆಗೀತಿದ್ರು. ಪುಟಕ್ಕೆ 27 ಗೆರೆ ಇರೋ ನೋಟ್‌ಬುಕ್ ಆದ್ರೆ 40 ಪುಟ ಆಗೋಯ್ತು. ಅಂದ್ರೆ ಈ ಎರಡು ತಿಂಗಳಲ್ಲಿ ನೀನು ಸ್ಕ್ರಿಪ್ಟ್ ಬರೆದಿರೋದಕ್ಕಿಂತ ಡಬಲ್, ‘ಸ್ಕ್ರಿಪ್ಟ್ ಬರೆದಾಯ್ತು’ ಅಂತ ಬರೆದಿದ್ದೀಯಾ. ನಿನಗೆ ಶಿಸ್ತಿಲ್ಲ ಅಂತ ಯಾವನೂ ಹೇಳೋ ಹಂಗಿಲ್ಲ, 60 ದಿನ ಬಿಡದೆ ಬರೆಯೋದು ದೊಡ್ಡ ದೊಡ್ಡ ರೈಟರ್‌ಗಳ ಕೈಲೂ ಆಗಲ್ಲ, ನನ್ನ ಕೈಲಂತೂ ಆಗಿಲ್ಲ. ಆ ಶಿಸ್ತು ಬೇರೆ ನೋಟ್‌ಬುಕ್ಕಿಗೆ ಹೋಯ್ತು ಅಷ್ಟೇ.

ಜಿಮ್ ಕ್ಯಾರಿ ವಿಷ್ಯ ತೆಗೆದೆಯಲ್ಲ, ಅದು ನಿಜಾನೇ. ಒಂದು ಕೋಟಿ ಡಾಲರ್ ಚೆಕ್ಕು, ತಾನೇ ತನ್ನ ಹೆಸರಿಗೆ ಬರ್ಕೊಂಡು, 1995ರ ತಾರೀಖು ಹಾಕಿ ಪರ್ಸಲ್ಲಿ ಇಟ್ಕೊಂಡಿದ್ದ, 1997ರಲ್ಲಿ ಅಮೆರಿಕದ ಟಿವಿಯ ಓಪ್ರಾ ಶೋಲಿ ಅವನೇ ಹೇಳಿದ್ದು. ಆದ್ರೆ ರೀಲ್ಸೋರು ಆ ಇಂಟರ್‌ವ್ಯೂನ ಅಲ್ಲಿಗೇ ಕಟ್ ಮಾಡ್ತಾರೆ ನೋಡು. ಅದೇ ಉಸಿರಲ್ಲಿ ಅವನು ಇನ್ನೊಂದೂ ಹೇಳಿದ್ದಾನೆ, ಸುಮ್ನೆ ಕಲ್ಪಿಸ್ಕೊಂಡು ಆಮೇಲೆ ಎದ್ದೋಗಿ ಸ್ಯಾಂಡ್‌ವಿಚ್ ತಿಂತಾ ಕೂತ್ರೆ ಆಗಲ್ಲ ಅನ್ನೋ ಅರ್ಥದ್ದು. ಅವನು ಹದಿಹರೆಯದಿಂದಾನೇ ಕೆನಡಾದ ಕಾಮಿಡಿ ಕ್ಲಬ್‌ಗಳಲ್ಲಿ ಸ್ಟೇಜ್ ಹತ್ತಿ ಬೈಸ್ಕೊಂಡು ಬೈಸ್ಕೊಂಡು ಬೆಳೆದೋನು. ಚೆಕ್ ಪರ್ಸಲ್ಲಿತ್ತು, ಕೆಲಸ ಸ್ಟೇಜ್ ಮೇಲೆ ನಡೀತಿತ್ತು.

ಇನ್ನು ನಿನ್ನ ಪ್ರಶ್ನೆ, ಪಾಸಿಟಿವಿಟಿ ಸಾಲ್ತಿಲ್ವಾ ಅಂತ. ನನ್ನ ಪ್ರಕಾರ ಜಾಸ್ತಿ ಆಗಿದೆ. ಇದು ನನ್ನ ಬಾಯಿಗೆ ಬಂದ ಮಾತಲ್ಲ, ಇದನ್ನೇ ಕೂತು ಪರೀಕ್ಷೆ ಮಾಡಿರೋರು ಇದ್ದಾರೆ. ಗ್ಯಾಬ್ರಿಯಲ್ ಓಟಿಂಗನ್ ಅಂತ ಒಬ್ಬ ಜರ್ಮನ್ ಮನಶ್ಶಾಸ್ತ್ರಜ್ಞೆ, ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್. ಆಯಮ್ಮ 1991ರಲ್ಲಿ ಇನ್ನೊಬ್ಬರ ಜೊತೆ ಸೇರಿ ಒಂದು ಸ್ಟಡಿ ಪ್ರಕಟಿಸಿದ್ರು, ತೂಕ ಇಳಿಸೋ ಕಾರ್ಯಕ್ರಮಕ್ಕೆ ಸೇರಿದ್ದ 25 ಹೆಂಗಸರ ಮೇಲೆ. ಒಂದು ವರ್ಷ ಆದ್ಮೇಲೆ ನೋಡಿದ್ರೆ, ‘ನಾನು ಸಣ್ಣಗಾಗಿ ಹೆಂಗೆ ಕಾಣ್ತೀನಿ’ ಅಂತ ಬಣ್ಣಬಣ್ಣದ ಕನಸು ಕಂಡೋರು ಉಳಿದೋರಿಗಿಂತ ಸುಮಾರು 11 ಕೆಜಿ ಕಮ್ಮಿ ಇಳಿಸಿದ್ರು. ಇಲ್ಲೊಂದು ಸೂಕ್ಷ್ಮ ಇದೆ ತಮ್ಮಾ, ಸರಿಯಾಗಿ ಕೇಳು. ಅದೇ ಸ್ಟಡಿಯಲ್ಲಿ, ‘ನನ್ನ ಕೈಲಿ ಇದು ಆಗುತ್ತೆ’ ಅಂತ ನಂಬಿದ್ದೋರು ಜಾಸ್ತಿ ತೂಕ ಇಳಿಸಿದ್ರು. ಆಗುತ್ತೆ ಅನ್ನೋ ನಂಬಿಕೆ ಬೇರೆ, ಆಗೇಹೋಗಿದೆ ಅನ್ನೋ ಕನಸು ಬೇರೆ. ಮೊದಲನೇದು ಮನುಷ್ಯನ್ನ ಎಬ್ಬಿಸುತ್ತೆ, ಎರಡನೇದು ಮಲಗಿಸುತ್ತೆ. ಎರಡಕ್ಕೂ ನಾವು ಪಾಸಿಟಿವ್ ಥಿಂಕಿಂಗ್ ಅಂತ ಒಂದೇ ಹೆಸರಿಟ್ಟು ಕೂತಿದ್ದೀವಿ.

ಮಲಗಿಸುತ್ತೆ ಅಂದಿದ್ದು ಬರೀ ಮಾತಿಗಲ್ಲ. 2011ರಲ್ಲಿ ಓಟಿಂಗನ್ ಮತ್ತೆ ಅವರ ಜೊತೆಯ ಹೆದರ್ ಕ್ಯಾಪಸ್ ಪ್ರಕಟಿಸಿದ ಇನ್ನೊಂದು ಸ್ಟಡಿಯಲ್ಲಿ ಕೆಲವರಿಗೆ ಹೈ ಹೀಲ್ಸ್ ಹಾಕ್ಕೊಂಡು ಎಲ್ಲರೂ ತಿರುಗಿ ನೋಡೋ ಹಂಗೆ ನಡೀತಿರೋದನ್ನ ಕಲ್ಪಿಸ್ಕೊಳ್ಳಿ ಅಂದ್ರೆ, ಅವರ ಬಿಪಿ ಇಳಿದಿತ್ತು. ಮೈಗೆ ‘ಆಯ್ತಲ್ಲ, ಗೆದ್ದಾಯ್ತಲ್ಲ, ಇನ್ಯಾಕೆ ಒದ್ದಾಟ’ ಅನ್ಸಿಬಿಡುತ್ತೆ. ನೀನು ರಾತ್ರಿ ಕಟೌಟಿಗೆ ಹಾಲು ಹುಯ್ಸಿ ಅವಾರ್ಡ್ ತಗೊಂಡು ಮಲಗ್ತೀಯಲ್ಲ, ಅಷ್ಟೆಲ್ಲಾ ಆದ್ಮೇಲೆ ಬೆಳಗ್ಗೆ ಎದ್ದು 15ನೇ ಸೀನ್ ಬರೆಯೋಕೆ ಯಾರಿಗಪ್ಪಾ ಮನಸ್ಸು ಬರುತ್ತೆ?

ಈಗ ನಿನ್ನ 19 ಪುಟಕ್ಕೆ ಬರ್ತೀನಿ, ನನಗೆ ಹೇಳಬೇಕಿರೋದು ಇರೋದೇ ಅಲ್ಲಿ. ಓದಿದೆ, ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ, ಮಂಡಿಯಲ್ಲಿ ಕೊಬ್ಬರಿ ಹರಾಜಿಗೆ ಕಾಯೋ ಜನರ ಮಾತು ಯಾರೋ ಪಕ್ಕದಲ್ಲೇ ಕೂತು ಆಡ್ದಂಗಿದೆ. ಆದ್ರೆ ನಿನ್ನ ಹೀರೋ ಮಂಜನಿಗೆ ಈ 14 ಸೀನಲ್ಲಿ ಒಂದೇ ಒಂದು ಕಷ್ಟ ಬಂದಿಲ್ಲ ಕಣೋ! ಅಂಗಡಿ ಇಡಬೇಕು ಅನ್ಕೋತಾನೆ, 9ನೇ ಸೀನಲ್ಲಿ ಬ್ಯಾಂಕಿಗೆ ಹೋಗ್ತಾನೆ, ಮ್ಯಾನೇಜರ್ ಎದ್ದು ನಿಂತು ‘ಬನ್ನಿ ಮಂಜುನಾಥ್, ನಿಮ್ಮಂಥ ಯುವಕರು ಬೇಕು ದೇಶಕ್ಕೆ, ಲೋನ್ ಸ್ಯಾಂಕ್ಷನ್’ ಅಂತಾನೆ, ಮಂಜ ನಗ್ತಾನೆ, ಕಟ್ ಮಾಡಿದ್ರೆ ಅಂಗಡಿ ಪೂಜೆ. ಯಾವ ಬ್ಯಾಂಕಪ್ಪಾ ಅದು, ನನಗೂ ಅಡ್ರೆಸ್ ಕೊಡು. ಹುಡುಗಿ ಸಿಗ್ತಾಳೆ, ಒಪ್ತಾಳೆ. ಅಪ್ಪ ಬೇಡ ಅಂತಾನೆ, ಅದೇ ಸೀನಲ್ಲೇ ಹೂಂ ಅಂತಾನೆ. ನೆಗೆಟಿವ್ ಥಾಟ್ ಬರಬಾರದು ಅಂತ ಅರವತ್ತು ದಿನ ಮನಸ್ಸಿನ ಬಾಗಿಲು ಹಾಕ್ಕೊಂಡು ಕೂತೋನು ಕಥೆ ಒಳಗೂ ಕಷ್ಟನ ಬಿಟ್ಕೊಂಡಿಲ್ಲ. ಕಥೆ 15ನೇ ಸೀನಿಗೆ ಹೋಗ್ತಿಲ್ಲ ಅಂದ್ರೆ ಇನ್ನೆಲ್ಲಿಗೆ ಹೋಗಬೇಕು, ಮಂಜನಿಗೆ ಎಲ್ಲಾ ಸಿಕ್ಕಾಯ್ತಲ್ಲ, ಸಿನಿಮಾ ಮುಗಿದೋಯ್ತು.

ಚಿತ್ರಕಥೆ ಬರೆಯೋನು ತನ್ನ ಹೀರೋಗೆ ಒಂಥರಾ ಶನಿ ಇದ್ದಂಗೆ ಇರಬೇಕು. ಏಳೂವರೆ ವರ್ಷ ಕಾಡಬೇಕು, ಆಮೇಲೆ ಬೇಕಿದ್ರೆ ಏನಾದ್ರೂ ಕೊಟ್ಟು ಹೋಗಲಿ.

ನಿನ್ನ 3ನೇ ಪುಟದಲ್ಲಿ ಒಂದು ಸಾಲಿದೆ, ನೀನೇ ಮರೆತಿರ್ತೀಯ. ಅಪ್ಪ ಅಟ್ಟ ಹತ್ತಿ ಒಂದು ಕಾಯಿ ತಗೊಂಡು ಕಿವಿ ಹತ್ರ ಅಲ್ಲಾಡಿಸಿ ವಾಪಸ್ ಇಡ್ತಾನೆ ಅಂತ. ನಿಮ್ಮ ಕಡೆಯೋರಿಗೆ ಇದು ಗೊತ್ತಿರೋದೇ, ಗೊತ್ತಿಲ್ಲದ ಓದುಗರಿಗೆ ಹೇಳ್ತೀನಿ. ಉಂಡೆ ಕೊಬ್ಬರಿ ಆಗಬೇಕು ಅಂದ್ರೆ ಬಲಿತ ಕಾಯಿನ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಹಂಗೇ ಬಿಡಬೇಕು, ಒಳಗಿನ ನೀರೆಲ್ಲಾ ಇಂಗಿ ಕೊಬ್ಬರಿ ಚಿಪ್ಪಿಂದ ಬಿಟ್ಕೊಂಡಾಗ ಅಲ್ಲಾಡಿಸಿದ್ರೆ ಲೊಡಲೊಡ ಅನ್ನುತ್ತೆ. ಅಲ್ಲೀವರೆಗೂ ಒಡೆಯೋ ಹಂಗಿಲ್ಲ. ಇಷ್ಟು ಚೆನ್ನಾಗಿರೋ ವಿಷ್ಯ ಇಟ್ಕೊಂಡು ನೀನು ಬ್ಯಾಂಕ್ ಮ್ಯಾನೇಜರ್ ಹತ್ರ ಭಾಷಣ ಮಾಡಿಸ್ತಿದ್ದೀಯಲ್ಲಾ! ಆ ಬ್ಯಾಂಕ್ ಸೀನ್ ತೆಗೆದು ಹಿಂಗೆ ಬರೆದ್ರೆ ಹೆಂಗಿರುತ್ತೆ ನೋಡು:

*ಒಳಗೆ – ಮನೆಯ ಅಟ್ಟ – ರಾತ್ರಿ*
*ಮೊಬೈಲ್ ಟಾರ್ಚಿನ ಬೆಳಕು. ಮಂಜ ಒಂದು ಕಾಯಿ ಎತ್ತಿ ಕಿವಿ ಹತ್ರ ಅಲ್ಲಾಡಿಸ್ತಾನೆ. ಸದ್ದಿಲ್ಲ. ಇನ್ನೊಂದು. ಸದ್ದಿಲ್ಲ. ಪಕ್ಕದಲ್ಲಿ ಖಾಲಿ ಗೋಣಿಚೀಲ.*
*ಕೆಳಗಿಂದ ಕೆಮ್ಮು. ಮಂಜ ಟಾರ್ಚ್ ಆರಿಸ್ತಾನೆ. ಕತ್ತಲು.*
*ಅಪ್ಪ (ಕೆಳಗಿಂದ, ಸಮಾಧಾನವಾಗಿ): ಇನ್ನೂ ನಾಕು ತಿಂಗ್ಳು ಬೇಕು ಕಣ್ಲಾ.*

ಇಷ್ಟೇ. ಭಾಷಣ ಇಲ್ಲ. ಮಂಜನಿಗೆ ದುಡ್ಡು ಬೇಕು ಅಂತ ಗೊತ್ತಾಯ್ತು, ಕದಿಯೋ ಮಟ್ಟಕ್ಕೆ ಬಂದಿದ್ದಾನೆ ಅಂತ ಗೊತ್ತಾಯ್ತು, ಅಪ್ಪನಿಗೆ ಎಲ್ಲಾ ಗೊತ್ತು ಅಂತ ಗೊತ್ತಾಯ್ತು, ಮತ್ತೆ ಮುಂದಿನ ಸೀನ್ ತಾನಾಗೇ ಬಂತು, ಬೆಳಗ್ಗೆ ಅಪ್ಪ ಮಗ ಎದುರುಬದುರು ಕಾಫಿ ಕುಡಿಯೋವಾಗ ಯಾರು ಮೊದಲು ಬಾಯಿ ಬಿಡ್ತಾರೆ ಅಂತ. ನಾನು ಬರೀ ಒಂದು ಅಡ್ಡಿ ಇಟ್ಟೆ, ಕಾಯಿ ಇನ್ನೂ ಒಣಗಿಲ್ಲ ಅನ್ನೋ ಅಡ್ಡಿ.

ತಮಾಷೆ ಏನು ಗೊತ್ತಾ, ಓಟಿಂಗನ್ ಕೊನೆಗೆ ಹೇಳಿಕೊಡೋ ದಾರಿನೂ ಇದೇನೇ. ನಾಲ್ಕು ಹೆಜ್ಜೆ. ಏನು ಬೇಕು, ಅದು ಸಿಕ್ಕಿದ್ರೆ ಹೆಂಗಿರುತ್ತೆ, ನನ್ನೊಳಗೇ ಇರೋ ಯಾವ ಅಡ್ಡಿ ತಡೀತಿದೆ, ಆ ಅಡ್ಡಿ ಬಂದಾಗ ಏನು ಮಾಡ್ತೀನಿ. ನಾನು ಇದನ್ನ ಮೊದಲನೇ ಸಲ ಓದಿದಾಗ ನಗು ಬಂತು, ಯಾಕಂದ್ರೆ ಸಿನಿಮಾದೋರು ಒನ್ ಲೈನ್, ಅಂದ್ರೆ ಇಡೀ ಕಥೆ ಒಂದೆರಡು ಸಾಲಲ್ಲಿ, ಕೇಳೋವಾಗ ಕೇಳೋದು ಇದನ್ನೇ, ಹೀರೋಗೆ ಏನು ಬೇಕು, ಸಿಕ್ಕಿಲ್ಲ ಅಂದ್ರೆ ಏನು ಕಳ್ಕೋತಾನೆ, ಯಾವನು ಅಡ್ಡ ಬರ್ತಾನೆ, ಆಮೇಲೇನು ಮಾಡ್ತಾನೆ. ನೀನು ಮೊದಲೆರಡು ಹೆಜ್ಜೆಗೇ ನಿಂತಿದ್ದೀಯ, ಸ್ಕ್ರಿಪ್ಟಲ್ಲೂ, ನೋಟ್‌ಬುಕ್ಕಲ್ಲೂ.

ಎಕ್ಸ್‌ಪೆರಿಮೆಂಟ್ ನಿಲ್ಲಿಸು ಅಂತ ನಾನು ಹೇಳಲ್ಲ, ಇನ್ನೂ 30 ದಿನ ಮಾಡು, ಆದ್ರೆ ಕಲ್ಪನೆ ಬದಲಾಯಿಸು. 1999ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ, ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಲಾಸ್ ಏಂಜಲೀಸ್ ಕ್ಯಾಂಪಸ್‌ದು, ಲಿಯೆನ್ ಫಾಮ್, ಶೆಲ್ಲಿ ಟೇಲರ್ ಅಂತ ಇಬ್ಬರು ಮಾಡಿದ್ದು. ಪರೀಕ್ಷೆಗೆ ಮುಂಚೆ ಒಂದು ಗುಂಪು ದಿನಾ ಕೆಲವು ನಿಮಿಷ ಒಳ್ಳೆ ಗ್ರೇಡ್ ಬಂದಿರೋದನ್ನ ಕಲ್ಪಿಸ್ಕೊಂಡ್ರು, ಇನ್ನೊಂದು ಗುಂಪು ತಾವು ಟಿವಿ ಆಫ್ ಮಾಡಿ ಪುಸ್ತಕ ತೆಗೆದು ಕೂತು ಓದ್ತಿರೋದನ್ನ ಕಲ್ಪಿಸ್ಕೊಂಡ್ರು. ಓದ್ತಿರೋದನ್ನ ಕಲ್ಪಿಸ್ಕೊಂಡೋರು ಬೇಗ ಓದೋಕೆ ಶುರು ಮಾಡಿದ್ರು, ಮಾರ್ಕ್ಸೂ ಅವರಿಗೇ ಜಾಸ್ತಿ ಬಂತು. ಹಂಗಾಗಿ ನೀನು ಕಣ್ಣು ಮುಚ್ಚಿದಾಗ ಕಟೌಟ್ ಬೇಡ, ನಾಳೆ ರಾತ್ರಿ ಒಂಬತ್ತಕ್ಕೆ ಮೆಟ್ರೋ ಇಳಿದು ರೂಮಿಗೆ ಬಂದು ಕಾಲು ತೊಳ್ಕೊಂಡು ಆ ಪ್ಲಾಸ್ಟಿಕ್ ಚೇರಲ್ಲಿ ಕೂತು ‘ಸೀನ್ 15’ ಅಂತ ಬರೆಯೋದನ್ನ ನೋಡು. ಜೊತೆಗೊಂದು ‘ಹಿಂಗಾದ್ರೆ ಹಂಗೆ’ ಒಪ್ಪಂದ ಮಾಡ್ಕೋ, ‘ಊಟ ಆದ್ಮೇಲೆ ಕೈ ಫೋನಿಗೆ ಹೋದ್ರೆ ಅದನ್ನ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಬಂದು ಕೂರ್ತೀನಿ’ ಅಂತ, ನಿನ್ನದೇ ಅಡ್ಡಿ ಯಾವುದೋ ಅದಕ್ಕೆ ತಕ್ಕಂಗೆ. ಮತ್ತೆ 18 ಸಾಲು ಬಿಡಬೇಡ! ಬೆಳಗ್ಗೆ 3, ಮಧ್ಯಾಹ್ನ 6, ರಾತ್ರಿ 9, ಹೊಸ ನೋಟ್‌ಬುಕ್ಕಲ್ಲಿ, ಎಲ್ಲಾ ಸ್ಕ್ರಿಪ್ಟಿಂದೇ ಸಾಲು. ಲಂಚ್ ಬ್ರೇಕಲ್ಲಿ ಆರು ಸಾಲು ಡೈಲಾಗ್ ಬರೆಯೋದೇನು ಮಹಾ. ತಿಂಗಳಾದ್ಮೇಲೆ ಎರಡೂ ನೋಟ್‌ಬುಕ್ ಪಕ್ಕಪಕ್ಕ ಇಟ್ಟು ಪುಟ ಎಣಿಸು, ಯಾವ ಯೋಚನೆ ಕೆಲಸ ಮಾಡ್ತು ಅಂತ ನಿನಗೇ ಗೊತ್ತಾಗುತ್ತೆ, ನನ್ನ ಮಾತೂ ನಂಬಬೇಡ, ಪ್ರೊಫೆಸರ್ ಮಾತೂ ನಂಬಬೇಡ.

ಪ್ರಶ್ನೆ: ಅಕ್ಕಾರ ನಮಸ್ಕಾರ್ರಿ. ನನ್ನ ತಮ್ಮ ಛಲೋ ಕೆಲಸ ಬಿಟ್ಟು ಸಿನಿಮಾಕ್ಕ ಕಥಿ ಬರೀತೀನಂತ ಮನ್ಯಾಗ ಕುಂತು ಎಂಟು ತಿಂಗಳಾತು. ಎಲ್ಲಿಗೆ ಬಂತಪಾ ಅಂತ ಕೇಳಿದ್ರ ‘ನೆಗೆಟಿವ್ ಮಾತಾಡಬ್ಯಾಡ, ವೈಬ್ ಹಾಳಾಕ್ಕೈತಿ’ ಅಂತಾನ. ಗ್ವಾಡಿಗೆ ಪೂರಾ ಚಿತ್ರ ಹಚ್ಯಾನ, ಕಾರು, ಬಂಗ್ಲೆ, ಅವಾರ್ಡು. ಅವನ ಗಾಡಿ ಇಎಂಐ ನಾ ಕಟ್ಟಾಕತ್ತೀನಿ. ಅವ್ವ ದಿನಾ ಅಳ್ತಾಳ. ಏನಂತ ಹೇಳ್ಬೇಕ್ರಿ ಅವಂಗ? – ಒಬ್ಬಾಕಿ ಅಕ್ಕ, ಹುಬ್ಬಳ್ಳಿ

ಅಕ್ಕ: ಅಕ್ಕಾರೇ, ನಿಮ್ಮ ಕಾಗದ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಕನಸು ಅವನದ್ದು, ಕಂತು ನಿಮ್ಮದು.

‘ನೆಗೆಟಿವ್ ಮಾತಾಡಬೇಡ’ ಅನ್ನೋದು ನಮಗೇನೂ ಹೊಸದಲ್ಲ. ಮುಸ್ಸಂಜೆ ಹೊತ್ತಲ್ಲಿ ಕೆಟ್ಟ ಮಾತಾಡಬೇಡ, ಅಸ್ತು ದೇವತೆಗಳು ಅಸ್ತು ಅಂದುಬಿಡ್ತಾರೆ ಅಂತ ಹೇಳಿಸ್ಕೊಂಡೇ ಬೆಳೆದೋರು ನಾವು. ಆದ್ರೆ ಆ ಮಾತು ಹೇಳ್ತಿದ್ದ ನಮ್ಮಮ್ಮ ಅದೇ ಮುಸ್ಸಂಜೆಯಲ್ಲಿ ಅಕ್ಕಿ ಡಬ್ಬ ತೆಗೆದು ನಾಳೆಗೆ ಸಾಲುತ್ತಾ ಅಂತ ನೋಡ್ತಿದ್ರು. ಅಕ್ಕಿ ನೋಡೋದಕ್ಕೆ ನೆಗೆಟಿವ್ ಅಂತ ಯಾರೂ ಹೆಸರಿಟ್ಟಿರಲಿಲ್ಲ. ನೀವು ಕೇಳ್ತಿರೋದೂ ಅಕ್ಕಿ ಲೆಕ್ಕಾನೇ, ಕೇಳೋ ಹಕ್ಕು ನಿಮಗಿದೆ.

ಅವನ ಕನಸಿನ ಬಗ್ಗೆ ಒಂದೂ ಮಾತಾಡಬೇಡಿ, ಆಗುತ್ತೋ ಇಲ್ವೋ ಅನ್ನೋ ಜಗಳಕ್ಕೇ ಹೋಗಬೇಡಿ, ಅದರಲ್ಲಿ ಅವನೇ ಗೆಲ್ತಾನೆ. ‘ಬರೆದಷ್ಟು ಕೊಡು, ನಾನು ಓದ್ತೀನಿ’ ಅನ್ನಿ. ಎಂಟು ತಿಂಗಳಲ್ಲಿ ಅರವತ್ತು ಎಪ್ಪತ್ತು ಪುಟ ಇದ್ರೆ ಹುಡುಗ ಕೆಲಸ ಮಾಡ್ತಿದ್ದಾನೆ, ಇನ್ನು ಮೂರು ತಿಂಗಳು ಅಂತ ತಾರೀಖು ಗೊತ್ತು ಮಾಡಿ, ಇಬ್ಬರೂ ಕ್ಯಾಲೆಂಡರಲ್ಲಿ ಗುರುತು ಹಾಕಿ. ಗೋಡೆ ತುಂಬಾ ಚಿತ್ರ ಇದ್ದು ಪುಟ ಆರೇಳಿದ್ರೆ ಮುಂದಿನ ತಿಂಗಳಿಂದ ಇಎಂಐ ಅವನೇ ಕಟ್ಟಲಿ, ಇದನ್ನ ಕೋಪದಲ್ಲಿ ಹೇಳಬೇಡಿ, ಊಟಕ್ಕೆ ಬಡಿಸ್ತಾ ಹೇಳಿ. ಕೆಲಸ ಮಾಡ್ಕೊಂಡು ಬರೆಯೋಕಾಗಲ್ಲ ಅಂತಾನಾ? ನನಗೆ ಗೊತ್ತಿರೋ ಬರೆಯೋರಲ್ಲಿ ಮುಕ್ಕಾಲು ಪಾಲು ಮೊದಲನೇ ಸ್ಕ್ರಿಪ್ಟ್ ಬರೆದಿದ್ದು ಕೆಲಸ ಮಾಡ್ಕೊಂಡೇ. ಇನ್ನೊಂದು ವಿಷ್ಯ ಅವನಿಗೆ ಗೊತ್ತಿರಲಿ, ಸ್ಕ್ರಿಪ್ಟ್ ಒಪ್ಪಿದ್ರೂ ಹೊಸಬರಿಗೆ ದುಡ್ಡು ಒಟ್ಟಿಗೆ ಬರಲ್ಲ, ಟೋಕನ್ ಅಡ್ವಾನ್ಸ್ ಅಂತ ಸ್ವಲ್ಪ, ಉಳಿದಿದ್ದು ಕಂತು ಕಂತಲ್ಲಿ, ಆ ಕಂತುಗಳ ಮಧ್ಯೆ ನಿರ್ಮಾಪಕರು ಫೋನ್ ಎತ್ತದೆ ಇರೋ ತಿಂಗಳುಗಳೂ ಇರ್ತವೆ. ಹಂಗಾಗಿ ಗೋಡೆ ಮೇಲಿನ ಬಂಗ್ಲೆ ನಂಬ್ಕೊಂಡು ಬೈಕ್ ಸಾಲ ಇಟ್ಕೊಳ್ಳೋದು ಬೇಡ. ಅವ್ವನಿಗೆ ಮಾತ್ರ ಇವತ್ತೇ ಹೇಳಿ, ಹುಡುಗ ಕೆಟ್ಟ ದಾರಿ ಹಿಡಿದಿಲ್ಲ, ಬರೀ ಕುಂತಾನ ಅಷ್ಟೇ ಅಂತ.

ಪ್ರಶ್ನೆ: ಕಥೆ ಹೇಳಿದ್ರೆ ಕದ್ದುಬಿಡ್ತಾರೆ ಅನ್ನೋ ಭಯ. ಇದು ನೆಗೆಟಿವ್ ಥಿಂಕಿಂಗ್ ಅಂತ ಬಿಟ್ಟುಬಿಡ್ಲಾ ಅಥವಾ ಏನಾದ್ರೂ ರಿಜಿಸ್ಟರ್ ಮಾಡಿಸ್ಲಾ? ಸಾಂಗ್ ಟೈಟಲ್ ಎಲ್ಲಾ ಸೇರಿ ಮಾಡಿಸ್ಬಹುದಾ? – ಮೈಸೂರಿಂದ ಒಬ್ಬ ಓದುಗ

ಅಕ್ಕ: ಮನೆಗೆ ಬೀಗ ಹಾಕೋದು ನೆಗೆಟಿವ್ ಥಿಂಕಿಂಗಾ? ರಿಜಿಸ್ಟರ್ ಮಾಡಿಸಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೀವು ಬರೆದ ಕ್ಷಣಕ್ಕೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ, ಆದ್ರೆ ನಾಳೆ ಜಗಳ ಆದಾಗ ‘ಈ ತಾರೀಖಿಗೆ ನನ್ನ ಹತ್ರ ಇದಿತ್ತು’ ಅಂತ ತೋರಿಸೋಕೆ ಒಂದು ಕಾಗದ ಬೇಕಲ್ಲ. ಕಾಪಿರೈಟ್ ಆಫೀಸಿಗೆ ಆನ್‌ಲೈನಲ್ಲೇ ಅರ್ಜಿ ಹಾಕಬಹುದು, ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಮೆಂಬರ್ ಆದ್ರೆ ಅಲ್ಲೂ ಸ್ಕ್ರಿಪ್ಟ್ ರಿಜಿಸ್ಟರ್ ಮಾಡಿಸ್ಕೋಬಹುದು. ಟೈಟಲ್ ಬೇರೆ ವಿಷ್ಯ, ಅದು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನಿರ್ಮಾಪಕರು ಮಾಡಿಸೋದು, ಈಗಲೇ ಅದಕ್ಕೆ ತಲೆ ಕೆಡಿಸ್ಕೋಬೇಡಿ.

ಆದ್ರೆ ಒಂದು ಮಾತು ಚೆನ್ನಾಗಿ ನೆನಪಿಟ್ಕೊಳ್ಳಿ, ಬರೀ ಐಡಿಯಾಗೆ ಕಾಪಿರೈಟ್ ಇಲ್ಲ. ಆರ್.ಜಿ. ಆನಂದ್ ಅನ್ನೋ ದೆಹಲಿಯ ನಾಟಕಕಾರರು ತಮ್ಮ ನಾಟಕ ಕದ್ದು 1956ರ ಒಂದು ಹಿಂದಿ ಸಿನಿಮಾ ಮಾಡಿದ್ದಾರೆ ಅಂತ ಕೋರ್ಟಿಗೆ ಹೋದ್ರು, ಎರಡರಲ್ಲೂ ಬೇರೆ ಬೇರೆ ರಾಜ್ಯದ ಎರಡು ಮನೆ, ಹುಡುಗ ಹುಡುಗಿ ಪ್ರೀತಿ, ಭಾಷೆ-ಪ್ರಾಂತ್ಯದ ಜಗಳ. ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ 1978ರಲ್ಲಿ ತೀರ್ಪು ಬಂತು, ಸೋತ್ರು. ವಿಷಯ ಯಾರಪ್ಪಂದೂ ಅಲ್ಲ, ಅದನ್ನ ನೀವು ಹೆಂಗೆ ಕಟ್ಟಿದ್ದೀರಿ ಅನ್ನೋದಷ್ಟೇ ನಿಮ್ಮದು ಅನ್ನೋದು ಆ ತೀರ್ಪಿನ ತಿರುಳು. ಹಂಗಾಗಿ ಬಸ್ಸಲ್ಲಿ ಸಿಕ್ಕೋರಿಗೆಲ್ಲ ಒನ್ ಲೈನ್ ಹೇಳ್ಕೊಂಡು ತಿರುಗಬೇಡಿ, ಮೊದಲು ಪೂರ್ತಿ ಬರೀರಿ. ಸೀನ್ ಸೀನಾಗಿ, ಸಂಭಾಷಣೆ ಸಮೇತ ಬರೆದಷ್ಟೂ ಅದು ಕದಿಯೋಕೆ ಕಷ್ಟ, ಕದ್ರೆ ತೋರಿಸೋಕೆ ಸುಲಭ. ಯಾರಿಗೆ ಯಾವತ್ತು ಕಳಿಸಿದ್ರಿ ಅನ್ನೋದು ಇಮೇಲಲ್ಲಿ ಇರಲಿ, ಬಾಯಲ್ಲಿ ಕಥೆ ಹೇಳಿ ಬಂದ್ರೂ ಸಂಜೆ ‘ಇವತ್ತು ಕಥೆ ಕೇಳಿದ್ದಕ್ಕೆ ಥ್ಯಾಂಕ್ಸ್ ಸರ್’ ಅಂತ ಒಂದು ಮೆಸೇಜ್ ಹಾಕಿ. ಮರ್ಯಾದೆಗೂ ಆಯ್ತು, ದಾಖಲೆಗೂ ಆಯ್ತು.

ಪ್ರಶ್ನೆ: ಒಂದು ಪುಟ ಅಂದ್ರೆ ಒಂದು ನಿಮಿಷ ಅಂತಾರಲ್ಲ, ಕನ್ನಡದಲ್ಲೂ ಹಂಗೇನಾ? ಯಾವ ಸಾಫ್ಟ್‌ವೇರ್ ತಗೋಬೇಕು?

ಅಕ್ಕ: ಆ ಲೆಕ್ಕ ಇಂಗ್ಲಿಷಿನ ಕೊರಿಯರ್ ಅನ್ನೋ ಫಾಂಟಿನ 12 ಪಾಯಿಂಟ್ ಅಕ್ಷರಕ್ಕೆ, ಅವರ ಮಾರ್ಜಿನ್‌ಗೆ ಹುಟ್ಟಿದ್ದು. ಕನ್ನಡದಲ್ಲಿ ಫಾಂಟ್ ಬದಲಾಯಿಸಿದ್ರೆ ಪುಟಾನೇ ಬದಲಾಗುತ್ತೆ, ಒತ್ತಕ್ಷರ ಜಾಗ ತಿನ್ನುತ್ತೆ. ಫೋನಲ್ಲಿ ಸ್ಟಾಪ್‌ವಾಚ್ ಹಾಕಿ ಜೋರಾಗಿ ಓದಿ ನೋಡಿ, ಆಕ್ಷನ್ ಇರೋ ಕಡೆ ಕಣ್ಣು ಮುಚ್ಚಿ ನಡೆಯೋಷ್ಟು ಹೊತ್ತು ಬಿಡಿ. ಸಾಫ್ಟ್‌ವೇರಿಗೆ ಈಗ ದುಡ್ಡು ಹಾಕಬೇಡಿ, ಗೂಗಲ್ ಡಾಕ್ಸ್ ಸಾಕು, ಟೈಪ್ ಮಾಡೋದು ಕಷ್ಟ ಅಂದ್ರೆ ಕನ್ನಡ ವಾಯ್ಸ್ ಟೈಪಿಂಗ್ ಇದೆ, ಸ್ವಲ್ಪ ತಪ್ಪುತಪ್ಪು ಬರುತ್ತೆ ಆದ್ರೆ ಡೈಲಾಗಿಗೆ ಒಂದು ಲಾಭ ಇದೆ, ಬಾಯಲ್ಲಿ ಹೇಳೋಕಾಗದ ಡೈಲಾಗ್ ಆಗಲೇ ಸಿಕ್ಕಿಬೀಳುತ್ತೆ. ಹಳೇ ಸಹನಿರ್ದೇಶಕರು ಉದ್ದನೆ ಹಾಳೆ ಮಧ್ಯಕ್ಕೆ ಗೆರೆ ಎಳೆದು ಎಡಗಡೆ ದೃಶ್ಯ, ಬಲಗಡೆ ಮಾತು ಬರೀತಿದ್ರು, ಅದೂ ತಪ್ಪಲ್ಲ.

ಪ್ರಶ್ನೆ: ಮೇಡಂ, ನನಗೆ ಸಿನಿಮಾದಲ್ಲಿ ಯಾರೂ ಗೊತ್ತಿಲ್ಲ, ಹಳ್ಳಿಯವನು. ಪಾಸಿಟಿವ್ ಆಗಿರು ಅಂತ ಎಲ್ಲರೂ ಹೇಳ್ತಾರೆ, ಆದ್ರೆ ನಮ್ಮಂಥೋರಿಗೆ ಆಗುತ್ತಾ ನಿಜವಾಗ್ಲೂ? – ನಾಗಮಂಗಲ ಕಡೆಯವನು

ಅಕ್ಕ: ನಿಮ್ಮ ಮಂಡ್ಯ ಜಿಲ್ಲೆಯೋರದ್ದೇ ಉದಾಹರಣೆ ಕೊಡ್ತೀನಿ. ‘ತಿಥಿ’ ಸಿನಿಮಾದ ಬರವಣಿಗೆಯಲ್ಲಿ ನಿರ್ದೇಶಕ ರಾಮ್ ರೆಡ್ಡಿ ಜೊತೆ ಇದ್ದೋರು ಈರೇಗೌಡ, ಮಂಡ್ಯದ ನೊದೆಕೊಪ್ಪಲಿನೋರು. ಸಿನಿಮಾದಲ್ಲಿ ನಟಿಸಿದ್ದೋರೂ ಆ ಕಡೆ ಹಳ್ಳಿ ಜನಾನೇ, ಯಾರೂ ವೃತ್ತಿ ಕಲಾವಿದರಲ್ಲ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ‘ಫಿಲ್ಮ್‌ಮೇಕರ್ಸ್ ಆಫ್ ದಿ ಪ್ರೆಸೆಂಟ್’ ವಿಭಾಗದ ಗೋಲ್ಡನ್ ಲೆಪರ್ಡ್ ಪ್ರಶಸ್ತಿ ಬಂತು. ಇದನ್ನ ಓದಿ ನಿಮಗೂ ಹಂಗೇ ಆಗುತ್ತೆ ಅಂತ ನಾನು ಹೇಳಿದ್ರೆ ನಾನೂ ರೀಲ್ಸ್ ಅಕ್ಕ ಆಗೋಗ್ತೀನಿ. ನಾನು ಹೇಳೋದಿಷ್ಟೇ, ಆ ಸಿನಿಮಾದಲ್ಲಿ ಹಳ್ಳಿ ಜನ ಕುರಿ, ಜಮೀನು, ಸಾವಿನ ಬಗ್ಗೆ ಹೆಂಗೆ ಮಾತಾಡ್ತಾರೋ ಹಂಗೇ ಮಾತಾಡಿದ್ರು, ಅದನ್ನ ಗಾಂಧಿನಗರದ ರೂಮಲ್ಲಿ ಕೂತ್ಕೊಂಡು ಹುಟ್ಟಿಸೋಕಾಗಲ್ಲ. ಯಾರೂ ಗೊತ್ತಿಲ್ಲ ಅಂತೀರಲ್ಲ, ನಿಮಗೆ ಗೊತ್ತಿರೋರು ಬೇರೆ ಜನ. ಅವರನ್ನ ಬರೀರಿ. ನಿರ್ದೇಶಕರ ಫೋನ್ ನಂಬರ್ ಆಮೇಲೂ ಸಿಗುತ್ತೆ.

ಪ್ರಶ್ನೆ: ಅಕ್ಕಾ ನೀವು ಪಾಸಿಟಿವ್ ಥಿಂಕಿಂಗ್ ವಿರೋಧಿನಾ? ‘ಯದ್ಭಾವಂ ತದ್ಭವತಿ’ ಅಂತ ನಮ್ಮ ಹಿರಿಯರೇ ಹೇಳಿಲ್ವಾ?

ಅಕ್ಕ: ವಿರೋಧಿ ಆಗಿದ್ರೆ ಧಾರಾವಾಹಿ ಬರೆಯೋಕೆ ಆಗ್ತಿತ್ತಾ, ದಿನಾ ಬೆಳಗ್ಗೆ ಇವತ್ತು ಎಪಿಸೋಡ್ ಮುಗಿಯುತ್ತೆ ಅನ್ನೋ ನಂಬಿಕೆ ಮೇಲೇ ಬದುಕಿದ್ದು ನಾನು. ‘ಕೈ ಕೆಸರಾದರೆ ಬಾಯಿ ಮೊಸರು’ ಅಂದೋರೂ ಹಿರಿಯರೇ, ಅದನ್ನ ಯಾರೂ ರೀಲ್ಸ್ ಮಾಡಲ್ಲ.

ಪ್ರಶ್ನೆ: ಸ್ಕ್ರಿಪ್ಟ್ ಮುಗಿಸಿದ್ದೀನಿ, 112 ಪುಟ. ಮುಂದಿನ ವಾರ ಒಬ್ಬ ನಿರ್ಮಾಪಕರಿಗೆ ನರೇಷನ್ ಕೊಡಬೇಕು, ಅಂದ್ರೆ ಎದುರು ಕೂತು ಪೂರ್ತಿ ಕಥೆ ಹೇಳಬೇಕು. ಕೈಕಾಲು ನಡುಕ. ಅವರು ಕಣ್ಣಲ್ಲಿ ನೀರು ಹಾಕ್ಕೊಂಡು ಎದ್ದು ಅಪ್ಪಿಕೊಳ್ಳೋ ಹಂಗೆ ವಿಜುವಲೈಸ್ ಮಾಡು ಅಂತ ಫ್ರೆಂಡ್ ಹೇಳಿದ್ದಾನೆ. – ಬೆಂಗಳೂರಿನ ಒಬ್ಬ ಓದುಗಿ

ಅಕ್ಕ: ಮೊದಲು 112 ಪುಟ ಮುಗಿಸಿದ್ದಕ್ಕೆ ನನ್ನ ಕಡೆಯಿಂದ ಒಂದು ಮಸಾಲೆದೋಸೆ, ಬೆಂಗಳೂರಲ್ಲೇ ಇದ್ದೀಯಲ್ಲ, ಕೊಡಿಸ್ತೀನಿ.

ನನ್ನ ಮೊದಲನೇ ನರೇಷನ್ ಕಥೆ ಕೇಳು. ನಿನ್ನ ಫ್ರೆಂಡ್ ಹೇಳಿದ ಹಂಗೇ ನಾನೂ ರಾತ್ರಿಯೆಲ್ಲಾ ಅವರು ಅಳೋದನ್ನ ನೋಡ್ಕೊಂಡು ಹೋಗಿದ್ದೆ. ಹೋದ್ರೆ ಆ ಮನುಷ್ಯ ಕಾಲು ಮೇಲೆ ಕಾಲು ಹಾಕ್ಕೊಂಡು ಚುರುಮುರಿ ತಿಂತಿದ್ರು, ನಾನು ಹೇಳೋಕೆ ಶುರು ಮಾಡಿ ಹತ್ತು ನಿಮಿಷಕ್ಕೆ ಯಾರದ್ದೋ ಫೋನ್ ಬಂತು, ಸೈಟ್ ರಿಜಿಸ್ಟ್ರೇಷನ್ ವಿಷ್ಯ, ಇಪ್ಪತ್ತು ನಿಮಿಷ ಮಾತಾಡಿದ್ರು, ನಾನು ನಗುಮುಖ ಹಂಗೇ ಹಿಡ್ಕೊಂಡು ಕೂತಿದ್ದೆ, ಕೆನ್ನೆ ನೋವು ಬಂತು. ಆಮೇಲೆ ತಿರುಗಿ ‘ಎಲ್ಲಿದ್ವಮ್ಮಾ, ಆ, ಹುಡುಗಿ ಬಸ್ ಹತ್ತಿದ್ಲು’ ಅಂದ್ರು. ಆ ಹುಡುಗಿ ಬಸ್ ಹತ್ತೇ ಇರಲಿಲ್ಲ ನನ್ನ ಕಥೆಯಲ್ಲಿ! ನಾನು ತಡವರಿಸಿ, ಇಂಟರ್‌ವಲ್ ಮುಂಚಿನ ಸೀನ್ ಹೇಳೋ ಹೊತ್ತಿಗೆ ಗಂಟಲು ಕಟ್ಟಿ, ಕೊನೆಗೆ ಅವರು ಕೇಳಿದ್ದು ಒಂದೇ, ‘ಐಟಂ ಸಾಂಗ್ ಎಲ್ಲಿ ಬರುತ್ತೆ?’ ಆಟೋದಲ್ಲಿ ಅಳ್ಕೊಂಡು ಬಂದೆ. ಅವರು ಕೆಟ್ಟೋರಂತ ಅಲ್ಲ, ಅವರದ್ದು ಅವತ್ತು ಸೈಟಿನ ದಿನ. ನನ್ನ ಕಲ್ಪನೆಯಲ್ಲಿ ಚುರುಮುರಿಗೂ ಫೋನಿಗೂ ಜಾಗಾನೇ ಇರಲಿಲ್ಲ, ಹಂಗಾಗಿ ಅವೆರಡೂ ಬಂದಾಗ ನಾನು ಬಿದ್ದೋದೆ.

ನೀನು ಅಪ್ಪುಗೆ ಬಿಡು, ಫೋನ್ ಕಲ್ಪಿಸ್ಕೋ. ಫೋನ್ ಬಂದ್ರೆ ನಾನು ನೀರು ಕುಡೀತೀನಿ, ಅವರು ಇಟ್ಟ ಮೇಲೆ ಹಿಂದಿನ ಸೀನ್ ಎರಡು ಸಾಲಲ್ಲಿ ನೆನಪಿಸಿ ಮುಂದೆ ಹೋಗ್ತೀನಿ. ಮಧ್ಯೆ ಇನ್ಯಾರೋ ಬಂದು ಕೂತ್ರೆ ಇಲ್ಲಿವರೆಗಿನ ಕಥೆ ಒಂದು ನಿಮಿಷದಲ್ಲಿ ಹೇಳ್ತೀನಿ, ಆ ಒಂದು ನಿಮಿಷ ಮನೆಯಲ್ಲೇ ಪ್ರಾಕ್ಟೀಸ್ ಮಾಡ್ಕೋ. ಅರ್ಧ ಗಂಟೆ ಮಾತ್ರ ಇದೆ ಅಂದ್ರೆ ಓಪನಿಂಗ್, ಇಂಟರ್‌ವಲ್, ಕ್ಲೈಮ್ಯಾಕ್ಸ್ ಮೂರೇ. 112 ಪುಟ ಓದೋಕೆ ಹೋಗಬೇಡ, ಪುಟ ತೆಗೆದ ತಕ್ಷಣ ಎದುರಿಗಿರೋರ ಕೈ ಫೋನಿಗೆ ಹೋಗುತ್ತೆ. ಮನೆಯಲ್ಲಿ ಅಮ್ಮನಿಗೆ ಸೊಪ್ಪು ಬಿಡಿಸ್ತಾ ಕೂತಿರೋವಾಗ ಒಂದು ಸಲ ಹೇಳಿ ನೋಡು, ಅವರ ಕೈ ಎಲ್ಲಿ ನಿಲ್ಲುತ್ತೆ ಅಂತ ಗಮನಿಸು, ಆ ಜಾಗ ಗಟ್ಟಿ ಇದೆ ಅಂತ ಅರ್ಥ. ಕೈ ನಡುಗಿದ್ರೆ ನಡುಗಲಿ, ಲೋಟ ಮಾತ್ರ ಪೂರ್ತಿ ತುಂಬಿಸ್ಕೋಬೇಡ.

ತಿಪಟೂರಿನ ತಮ್ಮಾ, 30 ದಿನ ಆದ್ಮೇಲೆ ಎರಡು ನೋಟ್‌ಬುಕ್ಕಿನ ಪುಟದ ಲೆಕ್ಕ ಬರೆದು ಕಳಿಸು, ಇದೇ ಪುಟದಲ್ಲಿ ಹಾಕ್ತೀನಿ. ಅಟ್ಟದ ಸೀನ್ ನಿನಗೆ ಫ್ರೀ. ಬೆಳಗ್ಗೆ ಕಾಫಿ ಸೀನಲ್ಲಿ ಮೊದಲು ಯಾರು ಬಾಯಿ ಬಿಟ್ರು ಅಂತ ಮಾತ್ರ ನೀನೇ ಹೇಳಬೇಕು, ನನಗೂ ಗೊತ್ತಿಲ್ಲ.